ಸೇರಿನ ಮೇಲಿನ ಗೋಪುರ

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿರುವ ನಾನು, ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಬಿಟ್ಟರೆ ಬೇರೆ ಯಾವ ಸಿಲಿಂಡರಿನ ಘನಫಲವನ್ನೂ ಕಂಡುಹಿಡಿದವನಲ್ಲ. ಹಲಗೆಯ ಮೇಲೆ ಮಾತ್ರ ನನ್ನ ಕೈಗೆ ಎದುರಿಲ್ಲ. ಡೇರೆಗೆ ಎಷ್ಟು ಬಟ್ಟೆ ಬೇಕು, ಬಾವಿ ತೋಡಿದ ಮಣ್ಣನ್ನು ಸುತ್ತ ಹರಡಿದರೆ ಕಟ್ಟೆ ಎಷ್ಟು ಎತ್ತರ ಬರುತ್ತದೆ, ಒಂದು ಲೋಹದ ಗುಂಡನ್ನು ಕರಗಿಸಿದರೆ ಎಷ್ಟು ಶಂಕುಗಳಾಗುತ್ತವೆ, ಎಲ್ಲವನ್ನೂ ಕಣ್ಣುಮುಚ್ಚಿಕೊಂಡು ಹೇಳಬಲ್ಲೆ. ಆದರೆ ನಾನು ಡೇರೆ ಹೊಲಿಸಿಲ್ಲ, ಬಾವಿ ತೋಡಿಸಿಲ್ಲ, ಗುಂಡು ಕರಗಿಸುವ ಸಂದರ್ಭವೂ ಬಂದಿಲ್ಲ. ದಡದ ಮೇಲೆ ನಿಂತು ಈಜು ಕಲಿಸುವವನ ಹಾಗೆ ನನ್ನ ಸರ್ವಿಸ್ಸು ಕಳೆದುಹೋಗಿದೆ.

ಹತ್ತನೇ ತರಗತಿಯಲ್ಲಿ ಆ ಪಾಠ ಬಂದಾಗಲೆಲ್ಲ ಯಾರಾದರೂ ಒಬ್ಬರು ಎದ್ದು ನಿಂತು, "ಸಾರ್, ಇದು ಎಲ್ಲಿ ಉಪಯೋಗಕ್ಕೆ ಬರುತ್ತೆ?" ಎಂದು ಕೇಳುತ್ತಾರೆ. ನಾನು "ಪರೀಕ್ಷೆಯಲ್ಲಿ" ಎನ್ನುತ್ತೇನೆ. ತರಗತಿ ನಗುತ್ತದೆ, ನಾನೂ ನಗುತ್ತೇನೆ, ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ಒಂದೇ ಒಂದು ಪ್ರಯೋಗವನ್ನು ಮಾತ್ರ ಪ್ರತಿ ವರ್ಷ ತಪ್ಪದೆ ಮಾಡಿ ತೋರಿಸುತ್ತೇನೆ. ನಮ್ಮ ಶಾಲೆಯ ಬೀರುವಿನಲ್ಲಿ ತಗಡಿನ ಒಂದು ಶಂಕು, ಒಂದು ಸಿಲಿಂಡರ್ ಇವೆ. ಎರಡಕ್ಕೂ ಬಾಯಿ ಒಂದೇ ಅಗಲ, ಎತ್ತರವೂ ಒಂದೇ. ಶಂಕುವಿನ ತುಂಬ ಮರಳು ತುಂಬಿ ಮೂರು ಸಲ ಸುರಿದರೆ ಸಿಲಿಂಡರ್ ಸರಿಯಾಗಿ ತುಂಬುತ್ತದೆ. ತುಂಬಬೇಕಾದರೆ ಪ್ರತಿ ಸಲವೂ ಶಂಕುವಿನ ಬಾಯಿಗೆ ಸ್ಕೇಲ್ ಎಳೆದು ಮರಳನ್ನು ಮಟ್ಟ ಮಾಡಬೇಕು. ಮಟ್ಟ ಮಾಡದಿದ್ದರೆ ಮೂರನೆಯ ಸಲಕ್ಕೆ ಮರಳು ಉಕ್ಕಿ ಮೇಜಿನ ಮೇಲೆ ಚೆಲ್ಲಿ ಸೂತ್ರದ ಮರ್ಯಾದೆ ಹೋಗುತ್ತದೆ. ಹಾಗಾಗಿ ಏನನ್ನಾದರೂ ಅಳತೆಗೆ ತುಂಬಿದರೆ ನನ್ನ ಅಂಗೈ ತಾನಾಗಿಯೇ ಅದರ ಬಾಯಿಯ ಮೇಲೆ ಅಡ್ಡಡ್ಡ ಓಡುತ್ತದೆ. ಈ ಚಾಳಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಆದದ್ದಕ್ಕೆಲ್ಲ ಇದೇ ಮೂಲ.

ನಮ್ಮ ಊರು ಕುಂದಾಣದ ಹತ್ತಿರ. ಅಲ್ಲಿನ ಹೊಲ ಮನೆಯನ್ನು ನನ್ನ ತಮ್ಮ ನಾಗರಾಜ ನೋಡಿಕೊಳ್ಳುತ್ತಾನೆ. ನಾನು ಕೆಲಸದ ಕಾರಣಕ್ಕೆ ಹೊಸಕೋಟೆಯಲ್ಲಿ ಮನೆ ಮಾಡಿಕೊಂಡಿದ್ದೇನೆ. ನಮ್ಮದು ದೀಪಾವಳಿಗೆ ನೋಮುವ ಮನೆತನ. ಕೇದಾರೇಶ್ವರನ ಮುಂದೆ ಇಪ್ಪತ್ತೊಂದು ಕಜ್ಜಾಯ ಇಟ್ಟು, ಪೂಜೆ ಮಾಡಿ, ನೋಮುದಾರ ಕಟ್ಟಿಸಿಕೊಳ್ಳುವ ತನಕ ಮನೆಯವರೆಲ್ಲ ಉಪವಾಸ. ಕಜ್ಜಾಯ ಒಡೆದಿರಬಾರದು, ಮುಕ್ಕಾಗಿರಬಾರದು, ನಡುವೆ ತೂತು ಬಿದ್ದಿರಬಾರದು. ಇಷ್ಟು ವರ್ಷವೂ ಅದನ್ನು ಮಾಡುತ್ತಿದ್ದವಳು ನನ್ನ ಅವ್ವ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನನ್ನ ಹೆಂಡತಿ ಶಾರದೆಗೆ ಸಿಕ್ಕಿದ್ದ ಕೆಲಸ ಬಾಳೆ ಎಲೆಗೆ ಎಣ್ಣೆ ಸವರಿ ಕೊಡುವುದು, ಕರಿದದ್ದನ್ನು ಒತ್ತಿ ಎಣ್ಣೆ ಇಳಿಸುವುದು, ಇಷ್ಟೇ. ಪಾಕದ ಪಾತ್ರೆಯ ಹತ್ತಿರ ಅವ್ವ ಯಾರನ್ನೂ ಬಿಟ್ಟುಕೊಂಡವಳಲ್ಲ.

ಕಳೆದ ವರ್ಷ ಅವ್ವನ ಮಂಡಿಗೆ ಆಪರೇಷನ್ ಆಯಿತು. ಹೊಸಕೋಟೆಯಲ್ಲೇ ನಮ್ಮ ಮನೆಯ ಹಾಲಿನಲ್ಲಿ ಮಂಚ ಹಾಕಿ ಮಲಗಿಸಿದ್ದೆವು. ಅವ್ವ ಇದ್ದ ಕಡೆಯೇ ನೋಮು ಆಗಲಿ ಎಂದು ನಾಗರಾಜ ಹೇಳಿದ. ಹಬ್ಬಕ್ಕೆ ಒಂದು ವಾರವಿದೆ ಅನ್ನುವಾಗ ಅವ್ವ ಶಾರದೆಯನ್ನು ಹತ್ತಿರ ಕರೆದು, "ಈ ಸಲ ನೀನೇ ಮಾಡಮ್ಮ. ನಾನು ಇಲ್ಲಿಂದ್ಲೇ ಹೇಳ್ತಾ ಇರ್ತೀನಿ" ಅಂದಳು. ಶಾರದೆ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದಳು. ಅವಳು ಹೆದರಿದ್ದಾಳೋ ಸಂತೋಷಪಟ್ಟಿದ್ದಾಳೋ ನನಗೆ ಗೊತ್ತಾಗಲಿಲ್ಲ. ಬಹುಶಃ ಎರಡೂ ಇತ್ತು.

ಅವ್ವನ ಲೆಕ್ಕ ಸರಳವಾಗಿತ್ತು. "ನಾಲ್ಕು ಸೇರು ದಪ್ಪಕ್ಕಿ. ಸೇರಿಗೆ ಮುಕ್ಕಾಲು ಕೇಜಿ ಬೆಲ್ಲ. ನೆಂಟ್ರು ಇಷ್ಟ್ರು ಎಲ್ರಿಗೂ ಹಂಚೋಕಾಗುತ್ತೆ." ಬೆಲ್ಲ ಅಂಗಡಿಯಲ್ಲಿ ತೂಗಿಸಿ ತರುವುದು, ಅದಕ್ಕೆ ತೊಂದರೆಯಿಲ್ಲ. ತೊಂದರೆ ಇದ್ದದ್ದು ಸೇರಿನಲ್ಲಿ. ಅವ್ವ ಜೀವಮಾನವೆಲ್ಲ ಅಳೆದ ಕಬ್ಬಿಣದ ಸೇರು ಊರಿನ ಮನೆಯಲ್ಲೇ ಉಳಿದುಬಿಟ್ಟಿತ್ತು. ನಮ್ಮ ಮನೆಯಲ್ಲಿ ಇರುವುದೆಲ್ಲ ಕೇಜಿ ಪ್ಯಾಕೆಟ್ಟು. "ಬೆಳಿಗ್ಗೆ ಬಸ್ ಹತ್ತಿದ್ರೆ ಮಧ್ಯಾಹ್ನದ ಹೊತ್ತಿಗೆ ತಂದ್ಬಿಡಬಹುದು, ಹೋಗ್ಬನ್ನಿ" ಎಂದು ಶಾರದೆ ಹೇಳಿದಳು. ಅಂದು ಭಾನುವಾರ. ಹೊಸಕೋಟೆಯಿಂದ ದೇವನಹಳ್ಳಿ, ಅಲ್ಲಿಂದ ಕುಂದಾಣ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಬಸ್ಸಿನಲ್ಲಿ ತೊಡೆಯ ಮೇಲೆ ಖಾಲಿ ಸೇರು ಇಟ್ಟುಕೊಂಡು ಕೂತಿರುವ ನನ್ನ ಚಿತ್ರ ಕಣ್ಣ ಮುಂದೆ ಬಂತು. ಎದುರು ಸೀಟಿನಲ್ಲಿ ಹಳೆಯ ವಿದ್ಯಾರ್ಥಿ ಯಾರಾದರೂ ಇದ್ದೇ ಇರುತ್ತಾರೆ. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಸೇರು ಯಾಕೆ ಬೇಕು? ಸೇರಿನ ಅಳತೆ ಸಾಕು. ಗಣಿತ ಇರುವುದು ಮತ್ತೆ ಯಾತಕ್ಕೆ?" ಎಂದೆ. ಆ ಹೊತ್ತಿಗೆ ಯಾರಾದರೂ ನನ್ನ ಬಾಯಿ ಮುಚ್ಚಿಸಿದ್ದರೆ ಚೆನ್ನಾಗಿತ್ತು.

ನಾಗರಾಜನಿಗೆ ಫೋನ್ ಮಾಡಿದೆ. "ಲೋ ನಾಗ, ಅವ್ವನ ಸೇರಿನ ಬಾಯಗಲ, ಎತ್ತರ, ಎರಡನ್ನೂ ಅಳೆದು ಹೇಳೋ."

"ಯಾಕಣ್ಣ, ಹೊಸದು ಮಾಡಿಸ್ತೀಯಾ?"

"ನೀನು ಅಳಿ, ಆಮೇಲೆ ಹೇಳ್ತೀನಿ."

"ಒಳಗಿಂದ ಅಳೀಲಾ, ಹೊರಗಿಂದಾನಾ?"

ನನ್ನ ವಿದ್ಯಾರ್ಥಿಗಳಲ್ಲಿ ಈ ಪ್ರಶ್ನೆ ಕೇಳಿದವರು ಒಬ್ಬರೂ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ನಪಾಸಾಗಿ ಶಾಲೆ ಬಿಟ್ಟ ತಮ್ಮನ ಮೇಲೆ ನನಗೆ ಅಭಿಮಾನ ಉಕ್ಕಿತು. ಒಳಗಿನಿಂದಲೇ ಅಳೆಯಬೇಕು ಎಂದೆ. ಅವನು ಒಳಗೆ ಹೋಗಿ ಸೇರು ನೋಡಿ, "ಇದರ ತುಂಬ ರಾಗಿ ಅದೆ ಕಣಣ್ಣ. ಹಂಗೇ ಅಳೀಲಾ, ಸುರಿದ್ಬಿಡ್ಲಾ?" ಎಂದು ಕೇಳಿದ. ತುಂಬಿದ ಸೇರಿನೊಳಗೆ ಟೇಪು ಹೇಗೆ ಇಳಿಯುತ್ತದೆ ಎಂದು ನನಗೆ ನಗು ಬಂತು. "ಸುರಿಯಪ್ಪ, ಸುರಿ" ಎಂದೆ. ಸುರಿ ಎಂದವನು ನಾನೇ. ಹತ್ತು ನಿಮಿಷದಲ್ಲಿ ವಾಟ್ಸಾಪಿಗೆ ಫೋಟೊ ಬಂತು. ಗಾರೆ ಕೆಲಸದ ಟೇಪು, ಅದರ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಕೂತ ಖಾಲಿ ಸೇರು. ಅಡ್ಡಗಲ ಹನ್ನೆರಡು ಸೆಂಟಿಮೀಟರ್, ಎತ್ತರ ಒಂಬತ್ತು.

ಹಳೆಯ ಕ್ಯಾಲೆಂಡರಿನ ಹಿಂದುಗಡೆ ಲೆಕ್ಕ ಮಾಡಿದೆ. ತ್ರಿಜ್ಯ ಆರು, ಅದರ ವರ್ಗ ಮೂವತ್ತಾರು, ಎತ್ತರದಿಂದ ಗುಣಿಸಿದರೆ ಮುನ್ನೂರ ಇಪ್ಪತ್ತನಾಲ್ಕು, ಅದಕ್ಕೆ ಇಪ್ಪತ್ತೆರಡನ್ನು ಗುಣಿಸಿ ಏಳರಿಂದ ಭಾಗಿಸಿದರೆ ಸಾವಿರದ ಹದಿನೆಂಟು. ಅಂದರೆ ಒಂದು ಸೇರು ಎಂದರೆ ಒಂದು ಲೀಟರಿನ ಮೇಲೆ ಹದಿನೆಂಟು ಮಿಲಿ. ಮಿಕ್ಸಿಯ ಜೊತೆಗೆ ಬಂದಿದ್ದ, ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗಿನಲ್ಲಿ ಸರಿಯಾಗಿ ಲೀಟರಿನ ಗೆರೆಯ ತನಕ ಅಕ್ಕಿ ತುಂಬಿ, ಬೆರಳಿನಲ್ಲಿ ಮಟ್ಟ ಮಾಡಿ, ಮೇಲೊಂದು ದೊಡ್ಡ ಚಮಚ ಹಾಕಿದೆ. "ಆ ಒಂದು ಚಮಚ ಬೇಕೇಬೇಕಾ?" ಎಂದು ಶಾರದೆ ಕೇಳಿದಳು. "ಗಣಿತದಲ್ಲಿ ಅಂದಾಜಿನ ಮಾತಿಲ್ಲ" ಎಂದು ನಾಲ್ಕು ಸಲವೂ ಚಮಚ ಹಾಕಿದೆ. ಮೂರನೆಯ ಚಮಚದಿಂದ ನಾಲ್ಕು ಕಾಳು ಕೆಳಗೆ ಬಿದ್ದವು, ಬಗ್ಗಿ ಹೆಕ್ಕಿ ಹಾಕಿದೆ. ಹಾಲಿನಿಂದ ಅವ್ವ, "ನಾಲ್ಕಾಯ್ತೇನಪ್ಪ?" ಅಂದಳು. ಆಯಿತು ಎಂದೆ.

ಮುಂದಿನದೆಲ್ಲ ಶಾರದೆಯ ಕೆಲಸ. ಅಕ್ಕಿ ನೆನೆಹಾಕಿದಳು, ಬಸಿದಳು, ಪಂಚೆಯ ಮೇಲೆ ನೆರಳಿನಲ್ಲಿ ಹರಡಿದಳು. ಹಿಡಿದರೆ ಮುಷ್ಟಿಯಲ್ಲಿ ನಿಲ್ಲಬೇಕು, ಬಿಟ್ಟರೆ ಉದುರಬೇಕು ಎಂದು ಅವ್ವ ಹೇಳಿದ್ದನ್ನು ಹಿಡಿದು ಬಿಟ್ಟು ನೋಡಿದಳು. ಹಿಟ್ಟು ಮಾಡಿಸಿಕೊಂಡು ಬಂದಳು. ಪಾಕ ತೆಗೆಯುವ ಹೊತ್ತಿಗೆ ತಟ್ಟೆಯಲ್ಲಿ ನೀರಿಟ್ಟುಕೊಂಡು, ತೊಟ್ಟು ತೊಟ್ಟು ಬಿಟ್ಟು, ಬೆರಳಿನಲ್ಲಿ ಉರುಟಿ, ಆ ತಟ್ಟೆಯನ್ನು ಮಂಚದ ಹತ್ತಿರಕ್ಕೂ ತೆಗೆದುಕೊಂಡು ಹೋಗಿ ಅವ್ವನಿಗೆ ಮುಟ್ಟಿಸಿದಳು. ಅವ್ವ ಒತ್ತಿ ನೋಡಿ, "ಸರ್ಯಾಗದೆ, ಇಳಿಸು" ಅಂದಳು. ಹಿಟ್ಟು ಕಲಸಿ, ಗಸಗಸೆ ಹಾಕಿ, ಮುಚ್ಚಿಟ್ಟದ್ದಾಯಿತು. ಈ ಎರಡು ದಿನ ಶಾರದೆ ನನ್ನ ಜೊತೆ ಕಜ್ಜಾಯದ ಮಾತು ಬಿಟ್ಟು ಬೇರೆ ಮಾತಾಡಿದ್ದು ನೆನಪಿಲ್ಲ. ಪರೀಕ್ಷೆಗೆ ಕೂತ ಹುಡುಗಿಯ ಮುಖ ಅವಳಿಗೆ ಬಂದಿತ್ತು.

ನೋಮಿಗೆ ಹಿಂದಿನ ದಿನ ಬೆಳಿಗ್ಗೆ ರುಚಿ ನೋಡಲು ಒಂದು ಕರಿಯೋಣ ಎಂದು ಎಣ್ಣೆ ಇಟ್ಟಳು. ನಾನು ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಎಲೆಯ ಮೇಲೆ ತಟ್ಟಿದ ಕಜ್ಜಾಯ ಎಣ್ಣೆಗೆ ಜಾರಿತು, ಉಬ್ಬಿತು, ಆಮೇಲೆ ಸುತ್ತಲೂ ಸಣ್ಣ ಸಣ್ಣ ಗುಳ್ಳೆ ಎದ್ದು ಅಂಚಿನಿಂದ ಬಿಟ್ಟುಕೊಳ್ಳುತ್ತ ಬಂತು. ನೋಡುತ್ತಿದ್ದ ಹಾಗೆ ಬಾಣಲೆಯ ತುಂಬ ಕಂದು ಪುಡಿ ತೇಲುತ್ತಿತ್ತು. ಎರಡನೆಯದೂ ಅಷ್ಟೇ. ಮೂರನೆಯದನ್ನು ಹಾಕಲು ಅವಳ ಕೈ ಬರಲಿಲ್ಲ. ಬೆಲ್ಲ ಸೀದ ವಾಸನೆ ಹಾಲಿಗೂ ಹೋಗಿರಬೇಕು. "ಏನಮ್ಮ, ಒಡೀತಾ?" ಎಂದು ಅವ್ವ ಕೇಳಿದಳು. ಶಾರದೆ ಒಲೆ ಆರಿಸಿ, ಹಿಟ್ಟಿನ ಪಾತ್ರೆಯನ್ನೇ ಎತ್ತಿಕೊಂಡು ಹೋಗಿ ಮಂಚದ ಮೇಲಿಟ್ಟಳು.

ಅವ್ವ ಹಿಟ್ಟನ್ನು ಒಂದು ಚಿಟಿಕೆ ತೆಗೆದು ಎರಡು ಬೆರಳ ನಡುವೆ ಎಳೆದಳು. ಅಂಗೈ ಮೇಲಿಟ್ಟು ಒತ್ತಿದಳು. "ಅಕ್ಕಿಹಿಟ್ಟು ಸಾಲ್ದು. ಅರ್ಧ ಸೇರಿಗೆ ಒಂದು ಹಿಡಿ ಕಮ್ಮಿ ಬೇಕು" ಎಂದು ಹೇಳಿ, ಇನ್ನೊಂದು ಚಿಟಿಕೆ ಎಳೆದು ನೋಡಿ, "ಪಾಕ ಎಳೇದಾಗಿರ್ಬೇಕು. ಇಲ್ಲಾಂದ್ರೆ ಅಕ್ಕಿ ಅಳೆಯೋವಾಗ ತಪ್ಪಾಗಿರ್ಬೇಕು" ಅಂದಳು.

ಇಲ್ಲಿ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. "ಅಕ್ಕಿ ಅಳೆದದ್ದು ನಾನು ಕಣವ್ವ. ಮಿಲಿಲೀಟರ್ ಲೆಕ್ಕದಲ್ಲಿ ಅಳೆದಿದ್ದೀನಿ, ಅದರಲ್ಲಿ ತಪ್ಪಾಗೋಕೆ ಸಾಧ್ಯನೇ ಇಲ್ಲ" ಎಂದೆ. ಎರಡರಲ್ಲಿ ಒಂದು ಅಲ್ಲವಾದರೆ ಉಳಿದದ್ದೇ ಹೌದು. ಹಲಗೆಯ ಮೇಲೆ ಪ್ರಮೇಯ ಸಾಧಿಸಿದಷ್ಟು ಚೊಕ್ಕಟವಾಗಿ ಅಪರಾಧವನ್ನು ಹೆಂಡತಿಯ ತಲೆಗೆ ಕಟ್ಟಿದ್ದೆ. ಅವ್ವ ತನ್ನ ಬೆರಳಿನಲ್ಲೇ ಪಾಕ ಒತ್ತಿ ನೋಡಿದ್ದನ್ನು ಮರೆತಳೋ ಏನೋ, ಉಸಿರು ಬಿಟ್ಟು, "ಮೊದಲನೇ ಸಲ ಅಲ್ವಾ, ಹೋಗ್ಲಿ ಬಿಡು" ಅಂದಳು. ಆ 'ಹೋಗ್ಲಿ ಬಿಡು' ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು. ಶಾರದೆಯ ಕಣ್ಣು ತುಂಬಿಕೊಂಡಿತು. ಅವಳು ನನ್ನ ಕಡೆ ಒಂದು ಸಲ ನೋಡಿ, ಅಕ್ಕಿಯ ಡಬ್ಬ ತರಲು ಒಳಗೆ ಹೋದಳು.

ಡಬ್ಬ ತಂದಿಟ್ಟು ಪಕ್ಕದಲ್ಲೇ ನಿಂತಳು. ಮೊರವನ್ನು ಮಡಿಲಿಗೆ ಎಳೆದುಕೊಂಡು, "ಆ ನಿನ್ನ ಜಗ್ಗು ಕೊಡು, ನಾನೇ ಅಳೀತೀನಿ" ಎಂದು ಅವ್ವ ಅಳೆಯಲು ಕೂತಳು. ಬೇಕಾದದ್ದು ಅರ್ಧ ಸೇರಾದರೂ ಹಬ್ಬದ ಅಕ್ಕಿಯನ್ನು ಒಂದು ಸಲವಾದರೂ ಪೂರ್ತಿ ತುಂಬಿ ಎಣಿಸಬೇಕು, ಆಮೇಲೆ ಬೇಕಾದಷ್ಟು ತೆಗೆದುಕೊಳ್ಳಬೇಕು ಎನ್ನುವುದು ಅವಳ ಪದ್ಧತಿ. ಮೊದಲನೆಯ ಅಳತೆಯನ್ನು 'ಒಂದು' ಎನ್ನುವಂತಿಲ್ಲ, 'ಲಾಭ' ಎನ್ನಬೇಕು. ಚಿಕ್ಕಂದಿನಲ್ಲಿ ಕಣದಲ್ಲಿ ಅವ್ವ ಲಾಭ, ಎರಡು, ಮೂರು ಎಂದು ಎಣಿಸುವುದನ್ನು ಕೇಳಿ, ಶಾಲೆಯಲ್ಲೂ ಲಾಭ, ಎರಡು ಎಂದು ಶುರುಮಾಡಿ ನಾನು ಏಟು ತಿಂದದ್ದುಂಟು. ಅವ್ವ ಜಗ್ಗನ್ನು ಮೊರದ ಮೇಲಿಟ್ಟು ಬೊಗಸೆಯಲ್ಲಿ ಅಕ್ಕಿ ಸುರಿದಳು. ಬಾಯಿಯ ತನಕ ತುಂಬಿತು. ಇನ್ನೊಂದು ಬೊಗಸೆ ಸುರಿದಳು. ಅಕ್ಕಿ ಅಂಚನ್ನು ದಾಟಿ ಮೇಲೆದ್ದಿತು. ಮತ್ತೆ ಸ್ವಲ್ಪ ಸ್ವಲ್ಪವೇ ಸುರಿಯುತ್ತ ಹೋದಳು. ಕಾಳುಗಳು ನಾಲ್ಕು ಕಡೆಯಿಂದಲೂ ಉರುಳಿ ಮೊರಕ್ಕೆ ಬಿದ್ದು, ಇನ್ನು ಒಂದು ಕಾಳೂ ನಿಲ್ಲುವುದಿಲ್ಲ ಎನ್ನುವಾಗ ಜಗ್ಗಿನ ಮೇಲೆ ಒಂದು ಪುಟ್ಟ ಗೋಪುರ ನಿಂತಿತ್ತು. "ಲಾಭ" ಎಂದಳು.

ನನ್ನ ಕೈ ತಾನಾಗಿ ಮುಂದೆ ಹೋಯಿತು. ಅಂಗೈಯ ಅಂಚನ್ನು ಜಗ್ಗಿನ ಬಾಯಿಗೆ ತಾಗಿಸಿ ಅಡ್ಡ ಎಳೆಯಬೇಕು, ಅಷ್ಟರಲ್ಲಿ ಅವ್ವ ಕೈ ಮೇಲೆ ಪಟ್ಟೆಂದು ಹೊಡೆದಳು. "ಯಾಕಪ್ಪ ಬೀಳಿಸ್ತೀಯ? ಗೋಪುರ ಇಲ್ದೆ ಇದ್ರೆ ಅದು ಸೇರಾ?"

ಐವತ್ತು ದಾಟಿದ ಮೇಲೆ ಅವ್ವನ ಕೈಯಲ್ಲಿ ಏಟು ತಿನ್ನುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಆದರೆ ನನಗೆ ಏಟಿನ ಕಡೆ ಗಮನವಿರಲಿಲ್ಲ. ನಾನು ಆ ಗೋಪುರವನ್ನೇ ನೋಡುತ್ತಿದ್ದೆ. ಕೆಳಗೆ ದುಂಡಗೆ, ಮೇಲೆ ಚೂಪಗೆ. ಇಪ್ಪತ್ತಾರು ವರ್ಷ ಸೀಮೆಸುಣ್ಣದಲ್ಲಿ ಬರೆದ ಆಕೃತಿ ಅಕ್ಕಿಯಲ್ಲಿ ಎದ್ದು ನಿಂತಿತ್ತು. ಎದ್ದು ಹೋಗಿ ಅದೇ ಕ್ಯಾಲೆಂಡರನ್ನು ತೆಗೆದೆ. ಅವ್ವನ ಸೇರಿನ ಬಾಯಿಯ ತ್ರಿಜ್ಯ ಆರು, ಗೋಪುರದ ಎತ್ತರ ಮೂರಾದರೂ ಇರುತ್ತದೆ. ಶಂಕುವಾದ್ದರಿಂದ ಸಿಲಿಂಡರಿನ ಮೂರನೇ ಒಂದು ಭಾಗ, ನೂರ ಹದಿಮೂರು ಮಿಲಿ. ನಾಲ್ಕು ಸೇರಿಗೆ ನಾನೂರ ಐವತ್ತೆರಡು. ಅರ್ಧ ಸೇರಿಗೆ ಒಂದು ಹಿಡಿ ಕಮ್ಮಿ. ಅವ್ವನ ಒಂದು ಹಿಡಿ ಎಂದರೆ ಎಷ್ಟು ಮಿಲಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಚಮಚದ ಹದಿನೆಂಟು ಮಿಲಿಗಾಗಿ ಬಗ್ಗಿ ಕಾಳು ಹೆಕ್ಕಿದವನು ಸೇರಿನ ಮೇಲೆ ಕೂತಿದ್ದ ಶಂಕುವನ್ನೇ ಬಿಟ್ಟಿದ್ದೆ. ಖಾಲಿ ಸೇರಿನ ಫೋಟೊ ನೋಡಿದರೆ ಶಂಕು ಎಲ್ಲಿಂದ ಕಾಣಬೇಕು? ರಾಗಿಯ ಗೋಪುರವನ್ನು ಸುರಿಸಿದವನೂ ನಾನೇ.

ಈಗ ಈ ವಿಷಯ ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತು. ಸುಮ್ಮನಿದ್ದುಬಿಟ್ಟರೆ ಹಿಟ್ಟು ಸೇರುತ್ತದೆ, ಕಜ್ಜಾಯ ಸರಿಹೋಗುತ್ತದೆ, ನೋಮು ನಡೆಯುತ್ತದೆ. ಪಾಕ ಎಳೆಯದಾಗಿತ್ತು ಎನ್ನುವ ಮಾತೊಂದು ಮನೆಯಲ್ಲಿ ಉಳಿದುಕೊಳ್ಳುತ್ತದೆ. ಮುಂದಿನ ವರ್ಷ ಮಂಡಿ ಸರಿಯಾದ ಮೇಲೆ ಅವ್ವ ತಾನೇ ಪಾಕಕ್ಕೆ ಕೂರುತ್ತಾಳೆ. ಶಾರದೆ ಮತ್ತೆ ಎಲೆಗೆ ಎಣ್ಣೆ ಸವರುತ್ತಾಳೆ. ಇಷ್ಟನ್ನು ಯೋಚಿಸುತ್ತ ಕ್ಯಾಲೆಂಡರನ್ನು ಮಡಿಸಿ ಜೇಬಿಗೆ ಇಟ್ಟುಕೊಂಡೆ ಎನ್ನುವುದನ್ನೂ ಹೇಳಿಬಿಡಬೇಕು. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ಕೇಳುತ್ತಿತ್ತು. ಅವ್ವ ಅಳೆದುಕೊಟ್ಟ ಅಕ್ಕಿಯನ್ನು ಶಾರದೆ ತೊಳೆಯುತ್ತಿದ್ದಳು. ಆ ಕಣ್ಣು ತುಂಬಿದ ಮುಖ ನೆನಪಾಗಿ ನನಗೆ ಕೂರಲಾಗಲಿಲ್ಲ. ಎದ್ದು ಒಳಗೆ ಹೋದೆ.

"ಶಾರದಾ, ಆ ಪಾಕದ ವಿಷಯ."

"ಪಾಕದ ಮಾತು ಸಾಕು."

"ಪಾಕ ಸರಿಯಾಗಿಯೇ ಇತ್ತು."

ಅವಳು ನಲ್ಲಿ ನಿಲ್ಲಿಸಿದಳು. ನಾನು ಕ್ಯಾಲೆಂಡರ್ ತೆಗೆದು ತೋರಿಸಿದೆ. ಅವಳು ಅದನ್ನು ನೋಡಲಿಲ್ಲ. "ಅತ್ತೆ ಅಕ್ಕಿ ಸುರಿಯೋವಾಗಲೇ ನನಗೂ ಗೊತ್ತಾಯ್ತು" ಎಂದಳು. "ನೀವು ಹೇಳ್ತೀರೋ ಇಲ್ವೋ ನೋಡೋಣ ಅಂತ ಸುಮ್ಮನಿದ್ದೆ. ನನಗೆ ಹೇಳಿ ಏನು ಬಂತು? ಅಲ್ಲಿ ಹೇಳಿ." ಒದ್ದೆ ಕೈಯಲ್ಲಿ ಹಾಲಿನ ಕಡೆ ತೋರಿಸಿದಳು.

ಹೋಗಿ ಮಂಚದ ಹತ್ತಿರ ನಿಂತೆ. ಸಿಲಿಂಡರ್ ಎಂದರೇನು, ಅದರ ಮೇಲೆ ಶಂಕು ಕೂತರೆ ಏನಾಗುತ್ತದೆ ಎಂದು ದೂರದಿಂದ ಶುರುಮಾಡಿದೆ. ಅವ್ವ ತಾಳ್ಮೆಯಿಂದ ಕೇಳಿಸಿಕೊಂಡು, "ಅಂದ್ರೆ ಮಟ್ಟ ಮಾಡಿ ಅಳೆದ್ಯಾ?" ಅಂದಳು.

"ಹೂಂ."

"ನಾಲ್ಕೂ?"

"ನಾಲ್ಕೂ."

ಅವ್ವ ನನ್ನ ಮುಖವನ್ನೇ ನೋಡಿದಳು. "ಕೂಲಿಯೋರಿಗೆ ಅಳೆದು ಹಾಕೋವಾಗ್ಲೂ ನಿಮ್ಮಪ್ಪ ಸೇರು ಮಟ್ಟ ಮಾಡಿದೋರಲ್ಲ ಕಣಪ್ಪ. ನೀನು ದೇವರ ಅಕ್ಕೀನೇ ಮಟ್ಟ ಮಾಡ್ಬಿಟ್ಯಲ್ಲೋ" ಎಂದಳು. ಆಮೇಲೆ ದನಿ ಎತ್ತಿ, "ಶಾರದಾ, ಬಾಮ್ಮ ಇಲ್ಲಿ" ಎಂದು ಕರೆದಳು. ಅವಳು ಬಂದು ನಿಂತಾಗ, "ನಿನ್ನ ಪಾಕ ಸರ್ಯಾಗಿತ್ತು. ನಾನೇ ಕೈಯಾರೆ ಮುಟ್ಟಿ ನೋಡಿದ್ದೆ, ಆದ್ರೂ ಇವನ ಮಾತು ಕೇಳ್ಕೊಂಡು ನಿನ್ನ ಅಂದ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡ" ಅಂದಳು. ಇಪ್ಪತ್ತೆರಡು ವರ್ಷದಲ್ಲಿ ಅವ್ವ ಯಾರಿಗೂ ಇಂಥ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಶಾರದೆ ತಲೆ ತಗ್ಗಿಸಿಕೊಂಡು ಅವ್ವನ ಕಾಲ ಮೇಲಿನ ಹೊದಿಕೆಯನ್ನು ಸುಮ್ಮನೆ ಸರಿಮಾಡಿದಳು. ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಹೊರಗೆ ಹೋಗಿ ಚಪ್ಪಲಿಗಳನ್ನು ಜೋಡಿಸಿಟ್ಟೆ.

ಆ ದಿನ ಮಧ್ಯಾಹ್ನದ ತನಕ ನೆನೆದ ಅಕ್ಕಿಯನ್ನು ಫ್ಯಾನಿನ ಕೆಳಗೆ ಆರಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, ಜರಡಿ ಹಿಡಿದು ಹಿಟ್ಟಿಗೆ ಸೇರಿಸಿದರು. ಮರುದಿನ ಬೆಳಿಗ್ಗೆ ಮೊದಲ ಕಜ್ಜಾಯ ಎಣ್ಣೆಗೆ ಬಿದ್ದು, ಉಬ್ಬಿ, ಹಾಗೇ ನಿಂತಿತು. ಶಾರದೆ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಹಾಲಿಗೆ ಓಡಿದಳು. ಉಪವಾಸವಾದ್ದರಿಂದ ಅವ್ವ ತಿನ್ನಲಿಲ್ಲ, ಬೆರಳಿನಲ್ಲಿ ಒತ್ತಿ ನೋಡಿ ತಲೆ ಆಡಿಸಿದಳು. ಹತ್ತು ಗಂಟೆಯ ಹೊತ್ತಿಗೆ ನಾಗರಾಜ ಬೈಕಿನಲ್ಲಿ ಬಂದ. ಕೈಚೀಲದಲ್ಲಿ ಏನೋ ಭಾರವಾದದ್ದು ಇತ್ತು. ತೆಗೆದರೆ ಅವ್ವನ ಸೇರು. "ಅಣ್ಣ ಅಳತೆ ಕೇಳಿದಾಗ್ಲೇ ಅಂದ್ಕೊಂಡೆ, ಇದು ಬೇಕಾಗ್ಬೋದು ಅಂತ" ಎಂದ. ಅವ್ವ ಅದನ್ನು ಸೆರಗಿನಲ್ಲಿ ಒರೆಸಿ ಶಾರದೆಯ ಕೈಗೆ ಕೊಟ್ಟು, "ಇದು ಇನ್ಮೇಲೆ ಇಲ್ಲೇ ಇರ್ಲಿ" ಅಂದಳು. ಶಾರದೆ ಅದನ್ನು ದೇವರ ಮನೆಯಲ್ಲಿ ಇಪ್ಪತ್ತೊಂದು ಕಜ್ಜಾಯದ ತಟ್ಟೆಯ ಪಕ್ಕದಲ್ಲೇ ಇಟ್ಟಳು.

ಪೂಜೆ ಮುಗಿದು, ದಾರ ಕಟ್ಟಿಸಿಕೊಂಡು ಎಲೆಯ ಮುಂದೆ ಕೂತಾಗ ಹೊತ್ತು ಇಳಿದಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಶಾರದೆ ನಾಗರಾಜನ ಎಲೆಗೆ ಬಿಸಿ ಅನ್ನ ಹಾಕಿದಳು. ಅದು ಎತ್ತರವಾಗಿ, ಚೂಪಾಗಿ ನಿಂತಿತು. ಅವನು ನೆತ್ತಿಯಲ್ಲಿ ಗುಳಿ ಮಾಡಿ ಸಾರಿಗೆ ಕಾದು ಕೂತ. ನನ್ನ ಎಲೆಗೂ ಹಾಕಿದಳು. ಹಾಕಿದವಳು ಹಾಗೇ ಹೋಗದೆ, ಸೌಟಿನ ಬೆನ್ನಿನಿಂದ ಅನ್ನವನ್ನು ಮೇಲಿಂದ ಒತ್ತಿ, ಸುತ್ತಲೂ ತಟ್ಟಿ, ಚೆನ್ನಾಗಿ ಮಟ್ಟ ಮಾಡಿದಳು. ದುಂಡಗೆ, ಚಪ್ಪಟೆಯಾಗಿ, ನನ್ನ ಪಾಠದ ಪುಸ್ತಕದಲ್ಲಿರುವ ಹಾಗೆಯೇ ಒಂದು ಗಿಡ್ಡ ಸಿಲಿಂಡರ್ ಎಲೆಯ ಮೇಲೆ ಕೂತಿತು. ನಾಗರಾಜ ನನ್ನ ಎಲೆಯನ್ನೂ ತನ್ನ ಎಲೆಯನ್ನೂ ನೋಡಿ, ತನ್ನ ಗುಳಿಯನ್ನು ಇನ್ನಷ್ಟು ಆಳ ಮಾಡಿದ. ಮಂಚದ ಮೇಲೆ ಕೂತು ಉಣ್ಣುತ್ತಿದ್ದ ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ತ್ರಿಜ್ಯ ಏಳು, ಎತ್ತರ ಎರಡು ಎಂದು ನನ್ನ ತಲೆ ಅಭ್ಯಾಸಬಲದಿಂದ ಲೆಕ್ಕ ಶುರುಮಾಡಿತ್ತು. ಇನ್ನಷ್ಟು ಅನ್ನ ಕೇಳುವ ಮುಖ ನನಗಿರಲಿಲ್ಲ.

ಶಾರದೆ ಒಳಗೆ ಹೋಗಿ ಮತ್ತೆ ಬಂದಳು. ಸೌಟಿನ ತುಂಬ ಅನ್ನ ತಂದು ಆ ಸಿಲಿಂಡರಿನ ನಡುಮಧ್ಯಕ್ಕೆ ನಿಧಾನವಾಗಿ ಸುರಿದಳು. ಅದು ಚೂಪಾಗಿ ನಿಂತಿತು. "ಈಗ ಹಾಕಿ ಲೆಕ್ಕ" ಎಂದಳು. ನಾನು ಲೆಕ್ಕವನ್ನು ಅಲ್ಲಿಗೆ ಬಿಟ್ಟು, ಗೋಪುರದ ಕಡೆಯಿಂದಲೇ ಊಟಕ್ಕೆ ಕೈಹಾಕಿದೆ.